ದಲ್ಲಾಳಿಗೆ ಕೊಟ್ಟಿದ್ದ ಒಂದು ಸಾಲು

ಇಪ್ಪತ್ತೆರಡು ವರ್ಷ ನಾನು ಇತರರು ಬರೆದ ವರದಿಗಳಿಂದ ವಿಶೇಷಣಗಳನ್ನು ಹೊಡೆದುಹಾಕುವ ಕೆಲಸ ಮಾಡಿದೆ. ಮೊದಲ ಒಂಬತ್ತು ವರ್ಷ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಒಂದು ಪತ್ರಿಕಾ ಕಚೇರಿಯಲ್ಲಿ, ಉಳಿದದ್ದು ದುಬೈಯಲ್ಲಿ. ಅಪಘಾತದ ಹಿಂದೆ ‘ಭೀಕರ’ ಇದ್ದರೆ ಅದು ಹೋಗುತ್ತಿತ್ತು. ಸಮಾರಂಭದ ಹಿಂದಿನ ‘ಅದ್ದೂರಿ’ಯೂ ಹೋಗುತ್ತಿತ್ತು. ಇನ್ನೊಂದು ಕೆಲಸವೂ ಇತ್ತು. ಯಾರ ಮೇಲಾದರೂ ಆರೋಪವಿರುವ ವರದಿ ಬಂದರೆ, ‘ಅವರ ಪ್ರತಿಕ್ರಿಯೆ ಎಲ್ಲಿ?’ ಎಂದು ಕೆಂಪಕ್ಷರದಲ್ಲಿ ಬರೆದು ವರದಿಗಾರನಿಗೆ ವಾಪಸ್ ಕಳಿಸುವುದು. ಈ ಪ್ರಶ್ನೆ ನನಗೆ ಎಷ್ಟು ರೂಢಿಯಾಗಿತ್ತೆಂದರೆ, ಮಗಳು ‘ಅಮ್ಮ ಬೈದ್ರು’ ಎಂದು ದೂರು ತಂದಾಗಲೂ ಅದನ್ನೇ ಕೇಳುತ್ತಿದ್ದೆ. ಈ ವಿವರವನ್ನು ಮೊದಲೇ ಹೇಳುತ್ತಿದ್ದೇನೆ. ಮುಂದೆ ನಡೆದದ್ದಕ್ಕೆ ನನ್ನ ಬಳಿ ಯಾವ ನೆಪವೂ ಇರಲಿಲ್ಲ ಎಂಬುದು ದಾಖಲಾಗಬೇಕು.

ಎರಡು ವರ್ಷಗಳ ಹಿಂದೆ ಪತ್ರಿಕೆಯ ಡೆಸ್ಕ್ ಸಣ್ಣದಾಯಿತು, ನಾನು ಅದರಲ್ಲಿ ಹಿಡಿಸಲಿಲ್ಲ. ಈಗ ಬರ್ ದುಬೈಯ ಮನೆಯಲ್ಲಿ ಕುಳಿತು ಕಂಪನಿಗಳ ವಾರ್ಷಿಕ ವರದಿಗಳನ್ನು ತಿದ್ದಿಕೊಡುತ್ತೇನೆ. ಚಟ ಮಾತ್ರ ಕೆಲಸದ ವೇಳೆಗೆ ಸೀಮಿತವಾಗಿ ಉಳಿಯಲಿಲ್ಲ. ನೀರಿನ ಟ್ಯಾಂಕ್ ತೊಳೆಯುವ ಬಗ್ಗೆ ಲಿಫ್ಟಿನಲ್ಲಿ ಅಂಟಿಸಿದ್ದ ನೋಟಿಸನ್ನು ನಾನು ಪೆನ್ನಿನಿಂದ ತಿದ್ದಿದ್ದು ಕ್ಯಾಮೆರಾಕ್ಕೆ ಸಿಕ್ಕಿ, ವಾಚ್‌ಮನ್ ಮನೆಗೇ ಬಂದು ವಿಚಾರಿಸಿದ ದಿನ ಹೆಂಡತಿ ಒಂದು ತೀರ್ಮಾನಕ್ಕೆ ಬಂದಳು.

“ಶನಿವಾರ ಮಗಳನ್ನು ಕನ್ನಡ ಕ್ಲಾಸಿಗೆ ನೀವೇ ಕರ್ಕೊಂಡು ಹೋಗಿ. ಅಲ್ಲೇ ಕೂತ್ಕೊಳ್ಳಿ. ತಿದ್ಲಿಕ್ಕೆ ಅಲ್ಲಿ ಬೇಕಾದಷ್ಟು ಉಂಟು.”

ಮನೆಯಿಂದ ಹತ್ತು ನಿಮಿಷದ ನಡಿಗೆಯಲ್ಲಿ ಒಂದು ಟ್ಯೂಷನ್ ಸೆಂಟರ್. ಅದರ ಹಿಂದಿನ ಕೋಣೆಯಲ್ಲಿ ಶನಿವಾರ ಬೆಳಿಗ್ಗೆ ಎರಡು ಗಂಟೆ ಕನ್ನಡ ನಡೆಯುತ್ತಿತ್ತು. ನಡೆಸುತ್ತಿದ್ದವರು ಉಡುಪಿ ಕಡೆಯ ಮಹಿಳೆ. ವಾರದ ಐದು ದಿನ ಒಂದು ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೂರುವ ಅವರು ಆರನೇ ದಿನ ಸಂಬಳವಿಲ್ಲದೆ ಅ, ಆ, ಇ ಕಲಿಸುತ್ತಿದ್ದರು. ಎಲ್ಲರಿಗೂ ಅವರು ಟೀಚರ್. ಇಪ್ಪತ್ತಮೂರು ಮಕ್ಕಳಲ್ಲಿ ಮನೆಯಲ್ಲಿ ತುಳು ಆಡುವವರಿದ್ದರು, ಬ್ಯಾರಿ ಆಡುವವರಿದ್ದರು, ಇಂಗ್ಲಿಷ್ ಬಿಟ್ಟು ಏನನ್ನೂ ಆಡದವರೂ ಇದ್ದರು. ‘ಊಟ ಆಯ್ತಾ?’ ಎಂದು ಕೇಳಿದರೆ ‘ಗ್ರೇಡ್ ಫೋರ್’ ಎಂದು ಉತ್ತರಿಸುವ ಒಬ್ಬನಿದ್ದ. ಮೊದಲ ದಿನ ನಾನು ಗೋಡೆಯ ಮೇಲಿನ ಅಕ್ಷರಮಾಲೆಯನ್ನು ಪೂರ್ತಿ ಪರಿಶೀಲಿಸಿದೆ. ತಪ್ಪು ಸಿಗಲಿಲ್ಲ. ಸ್ವಲ್ಪ ನಿರಾಶೆಯೇ ಆಯಿತು.

ನಾಲ್ಕನೇ ಶನಿವಾರ ಟೀಚರ್ ನನ್ನನ್ನು ಬಾಗಿಲಾಚೆ ಕರೆದರು. ಟ್ಯೂಷನ್ ಸೆಂಟರಿನವರು ತಿಂಗಳ ಕೊನೆಗೆ ಶಾರ್ಜಾಕ್ಕೆ ಹೋಗುತ್ತಾರೆ. ಬೇರೆ ಕೋಣೆ ಸಿಗದಿದ್ದರೆ ಕ್ಲಾಸ್ ಅಲ್ಲಿಗೇ ಮುಗಿಯುತ್ತದೆ. ಅವರು ಈಗಾಗಲೇ ಆರು ಕಡೆ ಕೇಳಿ ಬಂದಿದ್ದರು.

“ಒಂದೇ ಕಡೆ ಬಾಕಿ ಸರ್. ಹಾಜಿಯವರ ಹೋಟೆಲಿನ ಮೇಲೆ ಹಾಲ್ ಉಂಟಲ್ಲ, ಶನಿವಾರ ಬೆಳಿಗ್ಗೆ ಖಾಲಿ ಇರ್ತದೆ. ‘ಮಕ್ಕಳನ್ನು ಒಮ್ಮೆ ಕರ್ಕೊಂಡು ಬನ್ನಿ, ಎಂತ ಕಲಿಸ್ತೀರಿ ನೋಡುವಾ’ ಹೇಳಿದ್ರು. ಸಣ್ಣ ನಾಟಕ ಒಂದು ಮಾಡಿ ತೋರಿಸಿದ್ರೆ ಕೊಡ್ತಾರೇನೋ.”

ಹಾಜಿಯವರನ್ನು ಊರಿನವರೆಲ್ಲ ಬಲ್ಲರು. ಮಂಗಳೂರು ಕಡೆಯ ಬ್ಯಾರಿ, ಅರವತ್ತೈದರ ಆಸುಪಾಸು. ದುಬೈಯನ್ನು ಎರಡಾಗಿಸುವ ಹಿನ್ನೀರಾದ ಕ್ರೀಕಿನ ಆಚೆ ದಡದ ದೇರಾದಲ್ಲಿ, ಮಸಾಲೆ ಮಾರುಕಟ್ಟೆಯ ಒಳಗಲ್ಲಿಯಲ್ಲಿ ಕಾಳುಮೆಣಸು, ಏಲಕ್ಕಿಯ ಸಗಟು ವ್ಯಾಪಾರ. ಈಚೆ ದಡದಲ್ಲಿ ಈ ಸಣ್ಣ ಹೋಟೆಲು.

“ಅವರದ್ದು ಮೆಣಸಿನ ವ್ಯಾಪಾರ. ಮೆಣಸಿನ ಕತೆಯೇ ಆದ್ರೆ ಅವರಿಗೂ ಖುಷಿ ಆಗ್ತದೆ,” ಎಂದರು ಟೀಚರ್.

ಅದೇ ತಿಂಗಳು ಮಗಳ ಶಾಲೆಯಲ್ಲಿ ಒಂದು ಪಾಠ ನಡೆದಿತ್ತು: ಯುರೋಪಿನ ರಾಜರು ಹೊಸ ಸಮುದ್ರಮಾರ್ಗ ಹುಡುಕುವ ಯಾನಗಳಿಗೆ ಹಣ ಕೊಟ್ಟದ್ದು ಯಾಕೆ. ಅದನ್ನೇ ಹದಿನೈದು ನಿಮಿಷದ ಕನ್ನಡ ನಾಟಕವಾಗಿ ಬರೆದುಕೊಡುತ್ತೇನೆ ಎಂದೆ. ಬರೆಯಲು ನನ್ನನ್ನು ಯಾರೂ ಕೇಳಿರಲಿಲ್ಲ.

ಒಂದು ವಾರ ಶ್ರದ್ಧೆಯಿಂದ ಓದಿದೆ. ಪಠ್ಯಪುಸ್ತಕ ‘ಸಾಹಸಪ್ರವೃತ್ತಿ, ಜ್ಞಾನದಾಹ’ ಎಂದು ಶುರುವಾಗುತ್ತಿತ್ತು. ಅಷ್ಟನ್ನೂ ಹೊಡೆದುಹಾಕಿದೆ. ಜ್ಞಾನದಾಹಕ್ಕೆ ಹಡಗು ಕಟ್ಟಿಸಿಕೊಡುವ ಮಾಲೀಕರನ್ನು ನನ್ನ ವೃತ್ತಿಜೀವನದಲ್ಲಿ ನಾನು ಕಂಡಿರಲಿಲ್ಲ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಹೊರಟ ಮೆಣಸು ಅರಬ್ಬಿ ಸಮುದ್ರ ದಾಟಿ, ಒಂಟೆಯ ಬೆನ್ನೇರಿ, ಮತ್ತೆ ಹಡಗು ಹತ್ತಿ, ವೆನಿಸ್ಸಿನ ವರ್ತಕರ ಕೈದಾಟಿ ಯುರೋಪಿನ ಅಡುಗೆಮನೆ ಸೇರುತ್ತಿತ್ತು. ಪ್ರತಿ ಬಂದರಿನಲ್ಲಿ ಸುಂಕ, ಪ್ರತಿ ಕೈಯಲ್ಲಿ ಲಾಭ. ಅದರಲ್ಲಿ ಪೋರ್ಚುಗಲ್ಲಿನ ರಾಜನಿಗಾಗಲಿ ಸ್ಪೇನಿನ ರಾಣಿಗಾಗಲಿ ಪಾಲಿರಲಿಲ್ಲ. ಮೆಣಸು ಬೆಳೆಯುವ ಜಾಗಕ್ಕೇ ತಮ್ಮ ಹಡಗು ಹೋದರೆ ನಡುವಿನದೆಲ್ಲ ತಮಗೇ. ಧರ್ಮ ಹರಡುವ ಆಸೆಯೂ ಇತ್ತು, ಅದು ಬರೀ ನೆಪವಲ್ಲ. ಎಲ್ಲಕ್ಕಿಂತ ಪಕ್ಕದ ಮನೆಯವರ ಚಿಂತೆ ಇತ್ತು. ಪೋರ್ಚುಗಲ್ ಬೇಡವೆಂದು ಕಳಿಸಿದ ಇಟಲಿಯ ನಾವಿಕನಿಗೆ ಸ್ಪೇನ್ ಹಡಗು ಕೊಟ್ಟದ್ದರ ಹಿಂದೆ, ‘ನಾವು ಬಿಟ್ಟರೆ ಇವನು ಇನ್ಯಾರ ಬಾಗಿಲಿಗೆ ಹೋಗುತ್ತಾನೋ’ ಎಂಬ ಅಳುಕೂ ಇತ್ತು. ಮುಳುಗಿದರೆ ಹೋಗುವುದು ಮೂರು ಹಡಗು. ಜೀವ ಹೇಗೂ ಬೇರೆಯವರದು.

ಬರೆದದ್ದನ್ನು ಓದಿ ನೋಡಿದೆ. ನಿಖರವಾಗಿತ್ತು, ಒಂದು ವಿಶೇಷಣವೂ ಇರಲಿಲ್ಲ, ನಾಟಕವೂ ಇರಲಿಲ್ಲ. ಟೀಚರ್ ಅದನ್ನೇ ಹೇಳಿದರು, ಸೌಮ್ಯವಾಗಿ. ಹಾಗಾಗಿ ಒಬ್ಬ ಖಳನನ್ನು ತಂದೆ: ದಲ್ಲಾಳಿ. ಕಪ್ಪು ಜಾಕೀಟು, ಅಂಟಿಸಿದ ಮೀಸೆ. ರಾಜ ಮೆಣಸು ಕೇಳಿದಾಗಲೆಲ್ಲ ಕೈಯೊಡ್ಡಿ ‘ಇನ್ನೂ ಕೊಡಿ!’ ಎನ್ನುವುದು. ಅವನಿಗಿದ್ದದ್ದು ಅದೊಂದೇ ಸಾಲು. ಕೊನೆಗೆ ಎಲ್ಲ ಮಕ್ಕಳೂ ಒಟ್ಟಾಗಿ ‘ದಲ್ಲಾಳಿಗಳಿಗೆ ಧಿಕ್ಕಾರ!’ ಎಂದು ಕೂಗಿದೊಡನೆ ಹಡಗು ಹೊರಡುತ್ತದೆ.

ಹನ್ನೊಂದು ಹುಡುಗಿಯರು ರಾಣಿಯಾಗಲು ಬಯಸಿದರು. ನನ್ನ ಮಗಳು ದಲ್ಲಾಳಿಯಾದಳು, ಕಲಿಯಬೇಕಾದ ಕನ್ನಡ ಅದರಲ್ಲೇ ಅತಿ ಕಡಿಮೆ ಎಂದು.

“ಅಪ್ಪ, ಹೀ ಹ್ಯಾಸ್ ಓನ್ಲಿ ಒನ್ ಲೈನ್.”

“ವಿಲನ್‌ಗೆ ಅಷ್ಟು ಸಾಕು.”

“ಬಟ್ ಯಾಕೆ ಇನ್ನೂ ಕೊಡ್ಬೇಕು ಅಂತ ಹೀ ನೆವರ್ ಸೇಸ್.”

“ಟೈಮ್ ಇಲ್ಲ ಮಗಾ. ಹದಿನೈದೇ ನಿಮಿಷ.”

ಕೆಂಪಕ್ಷರದ ನನ್ನ ಪ್ರಶ್ನೆಗೆ ಸೋಮಾರಿ ವರದಿಗಾರರು ಇಪ್ಪತ್ತೆರಡು ವರ್ಷ ಕೊಡುತ್ತಿದ್ದ ಉತ್ತರವೂ ಇದೇ ಆಗಿತ್ತು. ಆ ಹೊತ್ತಿಗೆ ಅದು ಹೊಳೆಯಲಿಲ್ಲ. ಟೀಚರ್ ಕೂಡ ಒಮ್ಮೆ ಅನುಮಾನಿಸಿದರು.

“ಸರ್, ಈ ದಲ್ಲಾಳಿ ಸ್ವಲ್ಪ ಜೋರಾಯ್ತಾ? ಹಾಜಿಯವರು ಎದುರಿಗೇ ಕೂತಿರ್ತಾರೆ.”

ಕೂಗಾಟ ಹಾಜಿಯವರಿಗೆ ಹಿಡಿಸಲಿಕ್ಕಿಲ್ಲ ಎನ್ನುತ್ತಿದ್ದಾರೆ ಅಂದುಕೊಂಡೆ. ನನ್ನ ತಲೆಯಲ್ಲಿ ಹಾಜಿಯವರು ‘ವ್ಯಾಪಾರಿ’ ಎಂಬ ಖಾನೆಯಲ್ಲಿದ್ದರು. ದಲ್ಲಾಳಿ ಹದಿನೈದನೇ ಶತಮಾನದ ಖಾನೆಯಲ್ಲಿದ್ದ. ಇಬ್ಬರನ್ನೂ ಒಂದೇ ಕಡೆ ಇಟ್ಟು ನೋಡುವ ಅಗತ್ಯ ನನಗೆ ಕಂಡಿರಲಿಲ್ಲ. ಜಾಗ ಕೊಡುವವರ ಮುಖ ನೋಡಿ ಬರೆಯುವುದು ಪತ್ರಿಕಾಧರ್ಮವಲ್ಲ ಎಂದು ಒಂದು ಸಣ್ಣ ಭಾಷಣವನ್ನೂ ಮಾಡಿದೆ.

“ಇದು ಪೇಪರ್ ಅಲ್ಲ ಸರ್, ನಾಟಕ,” ಎಂದಷ್ಟೇ ಹೇಳಿ ಟೀಚರ್ ಒಳಗೆ ಹೋದರು.

ಹಾಜಿಯವರ ಹಾಲಿನಲ್ಲಿ ನಾಟಕ. ವಿಷಯ ಮೆಣಸು ಎಂದು ಕೇಳಿ ಖುಷಿಯಾಗಿ, ರಂಗದ ಮೇಲಿಡಲು ಅವರೇ ಹತ್ತು ಕಿಲೋ ಮೆಣಸಿನ ಚೀಲ ಕಳಿಸಿದ್ದರು. ಚೀಲದ ಮೇಲೆ ಅವರ ಅಂಗಡಿಯ ಹೆಸರು ದೊಡ್ಡದಾಗಿ ಅಚ್ಚಾಗಿತ್ತು. ನಾನು ಅದನ್ನು ದಲ್ಲಾಳಿಯ ಕಾಲ ಬುಡದಲ್ಲಿ ಇಡಿಸಿದೆ. ಬಿಳಿ ಅಂಗಿ, ಬಿಳಿ ಟೋಪಿಯಲ್ಲಿ ಹಾಜಿಯವರು ಮೊದಲ ಸಾಲಿನಲ್ಲಿ ಕೂತಿದ್ದರು. ಕರ್ಟನ್ ಹೊದ್ದ ಪೋರ್ಚುಗಲ್ಲಿನ ರಾಜ ತನ್ನ ಮಾತನ್ನು ಮರೆಯದೆ ಹೇಳಿದ. ಮಗಳು ಮೀಸೆ ಒತ್ತಿ ಹಿಡಿದುಕೊಂಡು ನಾಲ್ಕು ಸಲ ‘ಇನ್ನೂ ಕೊಡಿ!’ ಎಂದಳು. ಎರಡನೇ ಸಲಕ್ಕೇ ಹಾಜಿಯವರ ಮುಖದ ನಗು ನಿಂತಿತ್ತು ಎಂದು ಟೀಚರ್ ಆಮೇಲೆ ಹೇಳಿದರು. ನನ್ನ ಕಣ್ಣು ಹಸ್ತಪ್ರತಿಯ ಮೇಲಿತ್ತು. ಕೊನೆಗೆ ಇಪ್ಪತ್ತೆರಡು ಮಕ್ಕಳು ಆ ಚೀಲದ ಕಡೆ ಬೆರಳು ತೋರಿಸಿ, ಸ್ಪಷ್ಟ ಉಚ್ಚಾರಣೆಯಲ್ಲಿ, ಧಿಕ್ಕಾರ ಕೂಗಿದರು. ಉಚ್ಚಾರಣೆಗೆ ನಾನೇ ತರಬೇತಿ ಕೊಟ್ಟಿದ್ದೆ. ಹೆತ್ತವರು ಜೋರಾಗಿ ಚಪ್ಪಾಳೆ ತಟ್ಟಿದರು.

ಹಾಜಿಯವರು ಎದ್ದರು. “ಮಕ್ಕಳು ಚೆಂದ ಮಾಡಿದ್ರು.” ಮಕ್ಕಳ ತಲೆ ಸವರಿದರು. “ಹಾಲ್ ವಿಷಯ... ನೋಡುವಾ. ಇನ್ಶಾ ಅಲ್ಲಾ.” ಮೆಣಸಿನ ಚೀಲವನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದು ಹೋದರು.

ನಮ್ಮ ಕರಾವಳಿಯಲ್ಲಿ ಹೀಗೆ ಹೇಳಿದ ‘ನೋಡುವಾ’ಗೆ ‘ಇಲ್ಲ’ ಎಂದೇ ಅರ್ಥವೆಂದು ಎಲ್ಲರಿಗೂ ಗೊತ್ತು. ಟೀಚರ್ ಕುರ್ಚಿಗಳನ್ನು ಒಂದರ ಮೇಲೊಂದು ಇಡುತ್ತ, ನನ್ನ ಕಡೆ ತಿರುಗದೆ ಕೇಳಿದರು: “ಸರ್, ನೀವು ಪೇಪರಿನಲ್ಲಿ ಎಷ್ಟು ವರ್ಷ ಇದ್ದದ್ದು?”

ಸೋಮವಾರ ಬೆಳಿಗ್ಗೆ ಆ ಚೀಲವನ್ನು ಹೆಗಲಿಗೇರಿಸಿ ಅಬ್ರಾ ಹತ್ತಿದೆ. ಅಬ್ರಾ ಎಂದರೆ ಕ್ರೀಕಿನ ಈ ದಡದಿಂದ ಆ ದಡಕ್ಕೆ ಜನರನ್ನು ದಾಟಿಸುವ ಮರದ ದೋಣಿ. ಐದಾರು ನಿಮಿಷದ ದಾರಿ. ನನ್ನ ನೌಕಾಯಾನದ ಅನುಭವ ಒಟ್ಟು ಅಷ್ಟೇ. ಮೆಣಸನ್ನು ನೀರಿನ ಮೇಲೆ ಸಾಗಿಸಿದವರ ದೀರ್ಘ ಸಾಲಿನಲ್ಲಿ ನಾನೂ ಸೇರಿದೆ ಅನ್ನಬಹುದು, ಆದರೆ ಚೀಲದ ಹೊಲಿಗೆ ಬಿಟ್ಟಿತ್ತು. ದಾರಿಯುದ್ದಕ್ಕೂ ನಾನು ಸೀನಿದೆ, ಎದುರಿಗಿದ್ದ ಇಬ್ಬರು ಪ್ರವಾಸಿಗರೂ ಸೀನಿದರು. ಅವರು ಜಾಗ ಬದಲಿಸಿದರು. ನನಗೆ ಬದಲಿಸಲು ಜಾಗವಿರಲಿಲ್ಲ.

ಹಾಜಿಯವರು ಅಂಗಡಿಯಲ್ಲಿ ಸ್ಟೀಲ್ ತಟ್ಟೆಗಳಲ್ಲಿ ಮೆಣಸಿನ ಮಾದರಿಗಳನ್ನು ಹರಡಿಕೊಂಡು ಕೂತಿದ್ದರು. ಚೀಲ ನೋಡಿದರು, ನನ್ನ ಕೆಂಪು ಮೂಗು ನೋಡಿದರು.

“ಬನ್ನಿ ಪೇಪರಿನವರೇ. ಮೆಣಸು ನೇರವಾಗಿ ತಂದ್ರಾ? ನಡುವೆ ದಲ್ಲಾಳಿ ಯಾರೂ ಸಿಗ್ಲಿಲ್ವಾ?”

“ಹಾಜಿಯವರೇ, ನಾಟಕದಲ್ಲಿ ಆ ದಲ್ಲಾಳಿ ಅಂತ...”

“ದಲ್ಲಾಳಿಯೇ ನಾನು. ಅದರಲ್ಲಿ ಎಂತ ಬೇಜಾರು? ಕೇರಳದವ ಬೆಳೀತಾನೆ, ವಿಯೆಟ್ನಾಮಿನವ ಬೆಳೀತಾನೆ, ಇರಾನಿನವ ತಿಂತಾನೆ. ನಡುವೆ ನಾನು. ಬೇಜಾರು ಬೇರೆ. ರಾಜನಿಗೆ ಒಂದು ಪೇಜ್ ಮಾತು ಕೊಟ್ರಿ. ರಾಣಿಗೆ ಒಂದು ಪೇಜ್. ನನಗೆ ‘ಇನ್ನೂ ಕೊಡಿ’. ಪೇಪರಿನವರು ಅಲ್ವಾ ಮಾರಾಯ್ರೆ ನೀವು? ನನ್ನನ್ನು ಒಂದು ಮಾತು ಕೇಳ್ಲಿಕ್ಕೆ ಇರ್ಲಿಲ್ವಾ?”

ಅವರ ಪ್ರತಿಕ್ರಿಯೆ ಎಲ್ಲಿ? ಆ ಕೆಂಪಕ್ಷರಗಳನ್ನು ನಾನು ಬರೆದ ಕಾಗದಗಳನ್ನೆಲ್ಲ ಸೇರಿಸಿ ಕಟ್ಟಿದ್ದರೆ, ಹೊರಗೆ ಕ್ರೀಕಿನಲ್ಲಿ ನಿಂತಿದ್ದ ಸರಕಿನ ದೋಣಿಗಳಲ್ಲಿ ಒಂದು ತುಂಬುತ್ತಿತ್ತು. ನೋಟ್‌ಬುಕ್ ತೆಗೆದೆ.

“ಈಗ ಕೇಳ್ತೇನೆ.”

“ಈಗ ಕೇಳಿ ಎಂತ ಮಾಡುದು? ಕೂಗಿ ಆಯ್ತಲ್ಲ.”

“ತಿದ್ದುಪಡಿ ಹಾಕುವಾ.”

“ಎಲ್ಲಿ? ಐದನೇ ಪೇಜಿನ ಮೂಲೆಯಲ್ಲಾ? ಇರುವೆಯಷ್ಟು ಅಕ್ಷರದಲ್ಲಾ?” ಪತ್ರಿಕೆಯ ವ್ಯವಹಾರ ಅವರಿಗೆ ಚೆನ್ನಾಗಿ ತಿಳಿದಿತ್ತು.

ಆದರೂ ಸುಲೈಮಾನಿ ತರಿಸಿದರು. ಹಾಲಿಲ್ಲದ ಆ ಚಹಾ ಆರುವವರೆಗೂ ಮಾತಾಡಿದರು. ಒಂದು ಹಿಡಿ ಮೆಣಸನ್ನು ನನ್ನ ಮುಷ್ಟಿಯಲ್ಲಿ ತುಂಬಿ ಅಮುಕಿಸಿದರು. “ಒದ್ದೆಯಾ, ಒಣಗಿದ್ದಾ?” ಒಣಗಿದ್ದು ಎಂದೆ. “ಒದ್ದೆ. ಇದನ್ನು ಹಡಗಿಗೆ ಹಾಕಿದ್ರೆ ಮುಟ್ಟುವಾಗ ಬೂಸ್ಟು ಹಿಡ್ದಿರ್ತದೆ. ಬೆಳೆದವನಿಗೆ ತಿನ್ನುವವನ ಪರಿಚಯ ಇಲ್ಲ, ತಿನ್ನುವವನಿಗೆ ಬೆಳೆದವನ ಪರಿಚಯ ಇಲ್ಲ. ಇಬ್ಬರಿಗೂ ನನ್ನ ಫೋನ್ ನಂಬರ್ ಉಂಟು. ಮಾಲು ಹಾಳಾದ್ರೆ ಬೈಗುಳ ಯಾರಿಗೆ? ‘ಇನ್ನೂ ಕೊಡಿ’ ಅಂತ ಸುಮ್ಮನೆ ಕೇಳುದಲ್ಲ.” ಚಹಾ ಗುಟುಕರಿಸಿ ಮುಂದುವರಿಸಿದರು. “ಮತ್ತೆ ನಿಮ್ಮ ಪೋರ್ಚುಗೀಸರು ಆಫ್ರಿಕಾ ಸುತ್ತಿ ಬಂದ್ರಲ್ಲ, ಅಲ್ಲಿಂದ ನಮ್ಮ ಕಡೆಗೆ ದಾರಿ ತೋರಿಸಿದ್ದು ಯಾರು?”

ನನಗೆ ಗೊತ್ತಿತ್ತು. ಆಫ್ರಿಕದ ಪೂರ್ವ ತೀರದಲ್ಲಿ, ಈ ಕಡಲಿನ ಗಾಳಿ ಬಲ್ಲ ಒಬ್ಬನನ್ನು ಹಡಗಿಗೆ ಹತ್ತಿಸಿಕೊಂಡೇ ಅವರು ಮಲಬಾರ್ ಮುಟ್ಟಿದ್ದು. ನಡುವಿನವರನ್ನು ತಪ್ಪಿಸಲು ಹೊರಟವರು ಕೊನೆಯ ಹಾದಿಗೆ ನಡುವಿನವನೊಬ್ಬನನ್ನೇ ಹಿಡಿದಿದ್ದರು. ಆ ಸಂಗತಿಯನ್ನು ಓದಿ ಗುರುತು ಹಾಕಿದ್ದೆ. ಹದಿನೈದು ನಿಮಿಷಕ್ಕೆ ಇಳಿಸುವಾಗ ತೆಗೆದೆ.

“ಬಂದ ಮೇಲೆ ಎಂತ ಮಾಡಿದ್ರು? ನಮ್ಮ ಹಡಗುಗಳಿಗೆ ಅವರ ಚೀಟಿ ಬೇಕು ಹೇಳಿದ್ರು. ಚೀಟಿ ಇಲ್ಲದಿದ್ರೆ ಹಡಗು ಖಲಾಸ್. ನಮ್ಮ ಸಮುದ್ರಕ್ಕೆ ನಮಗೇ ವೀಸಾ! ದಲ್ಲಾಳಿಯನ್ನು ತೆಗೀತೇವೆ ಅಂತ ಬಂದವರೇ ದೊಡ್ಡ ದಲ್ಲಾಳಿ ಆದ್ರು. ಅದು ನಾಟಕದಲ್ಲಿ ಬರ್ಲಿಲ್ಲ.”

ಬರೆದುಕೊಂಡೆ. ಬಂದದ್ದಕ್ಕೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಬಿಟ್ಟೆ, ಹಳೆಯ ರೂಢಿ: “ನೀವು ಹಾಲ್ ಕೊಡುವಾ ಅಂತ ಮೊದಲು ಯಾಕೆ ಅಂದ್ಕೊಂಡ್ರಿ?”

ಹಾಜಿಯವರು ಅಂಗಡಿಯ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ನಿಜ ಹೇಳ್ಬೇಕಾ? ನಮ್ಮ ಹೋಟೆಲಿಂದ ಎರಡು ಗಲ್ಲಿ ಆಚೆ ಇನ್ನೊಂದು ಹೋಟೆಲಿನವರು ಇದ್ದಾರಲ್ಲ, ಅವರು ಯಕ್ಷಗಾನ ಕ್ಲಾಸಿಗೆ ಹಾಲ್ ಬಿಟ್ಟುಕೊಟ್ಟಿದ್ದಾರೆ. ಊರಿನವರ ಬಾಯಲ್ಲೆಲ್ಲ ಅವರದ್ದೇ ಹೆಸರು. ನನ್ನ ಹಾಲ್ ಖಾಲಿ ಬಿದ್ದಿರ್ತದೆ. ಹೇಗೆ ಕಾಣ್ತದೆ?”

“ಹಾಗಾದ್ರೆ ಪೋರ್ಚುಗಲ್, ಸ್ಪೇನ್ ಕತೆಯೇ ಆಯ್ತು.”

ಅವರು ಮೊದಲ ಸಲ ನಕ್ಕರು. “ರಾಜರದ್ದು ನೀವು ಸರಿಯಾಗಿಯೇ ಬರ್ದಿದ್ದೀರಿ. ಅದರಲ್ಲಿ ತಪ್ಪು ಹೇಳ್ಲಿಕ್ಕಿಲ್ಲ.” ಮೆಣಸಿನ ತಟ್ಟೆಗಳನ್ನು ಬದಿಗೆ ಸರಿಸುತ್ತ ಸೇರಿಸಿದರು: “ಮತ್ತೆ ಕನ್ನಡ ನನ್ನ ಮನೆಮಾತಲ್ಲ ನೋಡಿ. ಶಾಲೆಯಲ್ಲಿ ಮಾಸ್ಟ್ರ ಹತ್ರ ಪೆಟ್ಟು ತಿಂದು ಕಲಿತದ್ದು. ಅಷ್ಟು ಪೆಟ್ಟು ವೇಸ್ಟ್ ಆಗ್ಬಾರ್ದಲ್ಲ.” ಎದ್ದು ನಿಂತರು. “ದಲ್ಲಾಳಿಯ ಮಾತು ಸೇರಿಸಿ ಇನ್ನೊಮ್ಮೆ ಮಾಡಿ. ಆಮೇಲೆ ನೋಡುವಾ.”

ಈ ‘ನೋಡುವಾ’ ಯಾವ ತಳಿಯದೆಂದು ನನಗೆ ತಿಳಿಯಲಿಲ್ಲ.

ಮನೆಗೆ ಬಂದು ದಲ್ಲಾಳಿಗೆ ಒಂದು ಪುಟ ಬರೆದೆ. ಮಗಳು ಅದನ್ನು ನೋಡಿ ಮೀಸೆಯನ್ನೇ ಹಿಂದಿರುಗಿಸಿದಳು.

“ಇಷ್ಟು ಕನ್ನಡ ಐ ಕಾಂಟ್, ಅಪ್ಪ. ಆ ಅಂಕಲ್ಲೇ ಹೇಳ್ಲಿ. ಇಟ್ಸ್ ಹಿಸ್ ಸೈಡ್, ನೋ?”

ಟೀಚರ್ ಹಾಜಿಯವರಿಗೇ ಫೋನ್ ಮಾಡಿ ಕೇಳಿದರು. ಅವರು ಒಪ್ಪಿದ್ದು ಹೇಗೆಂದು ಟೀಚರ್‌ಗೂ ಅರ್ಥವಾಗಲಿಲ್ಲ. ಮಾತನ್ನು ನಾನು ಒಂಬತ್ತು ಸಾಲಿಗೆ ಇಳಿಸಿ, ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿ ಕಳಿಸಿದೆ. ಮೂರು ನಿಮಿಷ ಎಂದು ಮೇಲೆ ಬರೆದೆ.

ತಿಂಗಳ ಕೊನೆಯ ಶನಿವಾರ. ಟ್ಯೂಷನ್ ಸೆಂಟರಿನ ಕೋಣೆಯಲ್ಲಿ ಬೆಂಚುಗಳನ್ನು ಹಗ್ಗದಿಂದ ಕಟ್ಟಿಟ್ಟಿದ್ದರು. ಅಕ್ಷರಮಾಲೆ ಗೋಡೆಯಿಂದ ಇಳಿದು ಟೀಚರ ರಟ್ಟಿನ ಪೆಟ್ಟಿಗೆ ಸೇರಿತ್ತು. ಮುಂದಿನ ವಾರಕ್ಕೆ ಬೇರೆ ಜಾಗ ಇರಲಿಲ್ಲ. ಮಕ್ಕಳು ನೆಲದ ಮೇಲೆ ಕೂತಿದ್ದರು, ಅವರ ನಡುವೆ ಒಂದು ಕುರ್ಚಿಯಲ್ಲಿ ಹಾಜಿಯವರು. ನಾಟಕ ಮೊದಲಿನಂತೆಯೇ ಸಾಗಿತು, ಆ ಒಂದು ಸಾಲಿನ ಮಟ್ಟಿಗೆ ಮಗಳು ಮತ್ತೆ ಮೀಸೆ ಅಂಟಿಸಿಕೊಂಡಿದ್ದಳು. ‘ದಲ್ಲಾಳಿಗಳಿಗೆ ಧಿಕ್ಕಾರ!’ ಎಂದದ್ದೇ ತಡ, ಹಾಜಿಯವರು ಎದ್ದು “ನಿಲ್ಸಿ!” ಎಂದರು. ಪೋರ್ಚುಗಲ್ಲಿನ ರಾಜ ಹೆದರಿ ಕಿರೀಟ ತೆಗೆದು ಅವರ ಕೈಗೆ ಕೊಟ್ಟ.

ನಾನು ಕೊಟ್ಟ ಕಾಗದ ಅವರ ಜೇಬಿನಿಂದ ಹೊರಗೆ ಬರಲೇ ಇಲ್ಲ. ಜೇಬಿನಿಂದ ಬಂದದ್ದು ಎರಡು ಪೊಟ್ಟಣ ಮೆಣಸು. ಪ್ರತಿ ಮಗುವಿನ ಮುಷ್ಟಿಗೂ ಹಾಕಿ, ಯಾವುದು ಒದ್ದೆ, ಯಾವುದು ಒಣ ಎಂದು ಕೇಳುತ್ತ ಹೋದರು. ಗ್ರೇಡ್ ಫೋರಿನವನು ‘ಇದು ಒದ್ದೆ’ ಎಂದ. ಬಾಯಿಪಾಠ ಬಿಟ್ಟರೆ ಅವನಿಂದ ನಾವು ಕೇಳಿದ ಮೊದಲ ಕನ್ನಡ ವಾಕ್ಯ, ಸರಿಯಾದ ಉತ್ತರ ಕೂಡ. ಗಾಳಿ ಯಾವ ತಿಂಗಳು ತಿರುಗುತ್ತದೆ, ದಾರಿ ತೋರಿಸಿದವನು ಯಾರು, ಚೀಟಿ ಇಲ್ಲದ ಹಡಗಿಗೆ ಏನಾಯಿತು ಎಲ್ಲ ಬಂತು. ಮೂರು ನಿಮಿಷ ಹೋಗಿ ಮೂವತ್ತೈದು ನಿಮಿಷವಾಯಿತು. ಒಂದೇ ಸಂಗತಿಯನ್ನು ಎರಡೆರಡು ಸಲ ಹೇಳಿದರು. ನನ್ನ ಬೆರಳು ತಾನಾಗಿಯೇ ಪೆನ್ನಿನ ಮುಚ್ಚಳ ತೆಗೆಯಿತು. ಹೊಡೆದುಹಾಕಲು ಕಾಗದವೇ ಇರಲಿಲ್ಲ.

“ಅಂಕಲ್, ನೀವು ವಿಲನ್ ಅಲ್ವಾ?” ಎಂದು ರಾಣಿ ಕೇಳಿದಳು.

“ವಿಲನ್ನೇ ಮಗಾ. ಆದ್ರೆ ದಾರಿ ನನಗೆ ಗೊತ್ತುಂಟು.”

ಮುಗಿದ ಮೇಲೆ ಕಿರೀಟವನ್ನು ರಾಜನಿಗೆ ವಾಪಸ್ ಕೊಟ್ಟರು. ಟೀಚರ್ ಹಾಜರಿ ಪುಸ್ತಕವನ್ನು ಎದೆಗೊತ್ತಿಕೊಂಡು ಬಾಗಿಲ ಬಳಿ ನಿಂತಿದ್ದರು. ಹಾಜಿಯವರು ಚಪ್ಪಲಿ ಹಾಕಿಕೊಳ್ಳುತ್ತ ಹೇಳಿದರು:

“ಮುಂದಿನ ಶನಿವಾರ ಒಂಬತ್ತೂವರೆ ಮೇಲೆ ಬನ್ನಿ ಟೀಚರ್. ಅದಕ್ಕೂ ಮೊದಲು ನೆಲ ಒರೆಸ್ತಾರೆ, ಮಕ್ಕಳು ಜಾರ್ತಾರೆ.”

ಟೀಚರ್ ಕೂಡಲೇ ಹಾಜರಿ ಪುಸ್ತಕ ತೆರೆದು, ಮುಂದಿನ ವಾರದ ತಾರೀಖು ಬರೆದುಕೊಂಡರು. ಆಮೇಲೆ ಕಣ್ಣೊರೆಸಿಕೊಂಡರು, ಅಥವಾ ಕೈಗೆ ಮೆಣಸು ತಾಗಿತ್ತೋ ಏನೋ. ಇದನ್ನು ಖಚಿತಪಡಿಸಿಕೊಳ್ಳಲು ನನಗೆ ಸಾಧ್ಯವಾಗಲಿಲ್ಲ.

ಹಾಲಿನ ಬಾಗಿಲಿಗೆ ಒಂದು ಬೋರ್ಡ್ ಬರೆದುಕೊಡಿ ಎಂದು ಟೀಚರ್ ನನಗೇ ಹೇಳಿದರು. ಅವರ ಧೈರ್ಯ ದೊಡ್ಡದು. ಹಾಜಿಯವರು ಒಂದು ಷರತ್ತು ಹಾಕಿದ್ದರು: “ಇವರೇ ಬರೀಲಿ, ಆದ್ರೆ ಮೊದಲು ನನಗೆ ಕಳಿಸ್ಲಿ.” ಕೃತಜ್ಞತೆಯ ಭರದಲ್ಲಿ, ಸ್ಥಳ ಕೊಟ್ಟವರ ಹೆಸರಿನ ಮುಂದೆ ‘ಖ್ಯಾತ ಉದ್ಯಮಿ, ಕೊಡುಗೈ ದಾನಿ’ ಎಂದು ಬರೆದು ವಾಟ್ಸಾಪ್ ಮಾಡಿದೆ. ವೃತ್ತಿಜೀವನದಲ್ಲಿ ಅಂಥದ್ದನ್ನು ಒಮ್ಮೆಯೂ ಪ್ರಕಟಣೆಗೆ ಬಿಟ್ಟವನಲ್ಲ. ಮಧ್ಯಾಹ್ನದೊಳಗೆ ಉತ್ತರ ಬಂತು. ಪ್ರಿಂಟ್ ತೆಗೆಸಿ, ಅಷ್ಟನ್ನೂ ಬಾಲ್‌ಪೆನ್ನಿನಿಂದ ಹೊಡೆದು, ಮೇಲೆ ‘ಮೆಣಸಿನ ದಲ್ಲಾಳಿ’ ಎಂದು ಬರೆದು, ಅದರ ಫೋಟೋ ಕಳಿಸಿದ್ದರು.

ಬರೀ ಅಷ್ಟೇ ಹಾಕಲು ನನಗೆ ಮನಸ್ಸು ಬರಲಿಲ್ಲ. ‘ಹಿರಿಯ’ ಎಂದು ಮುಂದೆ ಸೇರಿಸಿ ಮತ್ತೆ ಕಳಿಸಿದೆ. ಐದು ನಿಮಿಷದಲ್ಲಿ ವಾಪಸ್ ಬಂತು, ಅದನ್ನೂ ಹೊಡೆದು.